ಎರಡನೆಯ ಕೀಪರ್‌ನ ಕುರ್ಚಿ

2003ರ ವಿಶ್ವಕಪ್‌ಗೆಂದು ಭಾರತ ತಂಡ ದಕ್ಷಿಣ ಆಫ್ರಿಕಾಕ್ಕೆ ಹೊರಟಾಗ ಪಾರ್ಥಿವ್ ಪಟೇಲ್‌ಗೆ 17 ವರ್ಷ. ಹಿಂದಿನ ವರ್ಷವಷ್ಟೇ ಇಂಗ್ಲೆಂಡಿನ ಟ್ರೆಂಟ್‌ಬ್ರಿಜ್‌ನಲ್ಲಿ ಆಡಿ ಟೆಸ್ಟ್ ಇತಿಹಾಸದ ಅತಿ ಕಿರಿಯ ವಿಕೆಟ್ ಕೀಪರ್ ಎನಿಸಿಕೊಂಡಿದ್ದ ಹುಡುಗ. ಭಾರತ ಫೈನಲ್ ತಲುಪಿತು, ಒಟ್ಟು 11 ಪಂದ್ಯ ಆಡಿತು. ಹನ್ನೊಂದರಲ್ಲೂ ಪಾರ್ಥಿವ್ ಹೊರಗೇ ಕೂತಿದ್ದರು. ಗ್ಲೌಸ್ ತೊಟ್ಟು ವಿಕೆಟ್ ಹಿಂದೆ ನಿಂತವರು ಬೆಂಗಳೂರಿನ ರಾಹುಲ್ ದ್ರಾವಿಡ್. ಅದಾಗಿ ಹದಿನೇಳು ವರ್ಷ ಕಳೆದ ಮೇಲೆ, 2020ರ ಐಪಿಎಲ್ ಯುಎಇಯಲ್ಲಿ ನಡೆದಾಗ, ಇದೇ ಪಾರ್ಥಿವ್ ರಾಯಲ್ ಚಾಲೆಂಜರ್ಸ್ ಬೆಂಗಳೂರು ತಂಡದಲ್ಲಿದ್ದರು. ಹಿಂದಿನ ಸೀಸನ್ನಿನಲ್ಲಿ ಅವರು 14 ಪಂದ್ಯ ಆಡಿ 373 ರನ್ ಹೊಡೆದಿದ್ದರು. ಈ ಸಲ ಆರ್‌ಸಿಬಿ 15 ಪಂದ್ಯ ಆಡಿದರೂ ಅವರಿಗೆ ಒಂದೂ ದಕ್ಕಲಿಲ್ಲ. ಮೊದಲು ಆಸ್ಟ್ರೇಲಿಯಾದ ಜೋಶ್ ಫಿಲಿಪ್, ಆಮೇಲೆ ಎಬಿ ಡಿವಿಲಿಯರ್ಸ್ ಕೀಪಿಂಗ್ ಮಾಡಿದರು. ಆ ಡಿಸೆಂಬರ್ 9ರಂದು ಪಾರ್ಥಿವ್ ಆಟಕ್ಕೆ ವಿದಾಯ ಹೇಳಿದರು. ಎರಡು ತಿಂಗಳಾದ ಮೇಲೆ ನಡೆದ ಹರಾಜಿನಲ್ಲಿ ಆರ್‌ಸಿಬಿ ತಲಾ 20 ಲಕ್ಷ ರೂಪಾಯಿ ಕೊಟ್ಟು ಕೆ.ಎಸ್. ಭರತ್ ಮತ್ತು ಮೊಹಮ್ಮದ್ ಅಜರುದ್ದೀನ್ ಎಂಬ ಇಬ್ಬರು ಕೀಪರ್‌ಗಳನ್ನು ಕೊಂಡಿತು.

ಒಬ್ಬನೇ ಮನುಷ್ಯ, ಒಂದೇ ಬೆಂಚು, ಎರಡು ಸಲವೂ ಸೊನ್ನೆ ಪಂದ್ಯ. ಆದರೂ ಎರಡಕ್ಕೂ ಅಜಗಜಾಂತರ. ಹದಿನೇಳರಲ್ಲಿ ಆ ಬೆಂಚಿನಿಂದ ಪಾರ್ಥಿವ್‌ಗೆ ಸಿಕ್ಕಿದ್ದು ವಿದ್ಯೆ. ಕುಂಬ್ಳೆ, ಹರಭಜನ್‌ರಂಥ ಬೌಲರ್‌ಗಳಿಗೆ ನೆಟ್ಸ್‌ನಲ್ಲಿ ಕೀಪಿಂಗ್ ಮಾಡುತ್ತ ಕಲಿತದ್ದನ್ನು ಅವರು ಮುಂದೆ ಖರ್ಚು ಮಾಡಬಹುದಿತ್ತು. ಮೂವತ್ತೈದರಲ್ಲಿ ಅದೇ ಬೆಂಚು ತಂಡಕ್ಕೆ ಬರೀ ವಿಮೆ. ಯಾರಾದರೂ ಬಿದ್ದರೆ ಎತ್ತಿಕೊಳ್ಳಲು ಒಬ್ಬರಿರಲಿ ಎಂಬ ಲೆಕ್ಕ. ಅನುಭವಿ ಮೀಸಲು ಕೀಪರ್‌ನನ್ನು ತಂಡಗಳು ಯಾಕೆ ಬಿಟ್ಟುಕೊಡುತ್ತವೆ ಎಂಬ ಪ್ರಶ್ನೆಗೆ ಉತ್ತರ ಈ ವ್ಯತ್ಯಾಸದಲ್ಲಿದೆ. ಆಟ ಕೆಟ್ಟಿತು, ವಯಸ್ಸಾಯಿತು, ಸಂಬಳ ಜಾಸ್ತಿಯಾಯಿತು ಎಂಬ ಕಾರಣಗಳು ಎಲ್ಲರಿಗೂ ಹೊಳೆಯುತ್ತವೆ. ಹಲವು ಸಲ ಇವು ಯಾವುವೂ ನಿಜವಾದ ಕಾರಣವಲ್ಲ. ಕೂತವನ ಬೆಲೆ ಇಳಿಯದೆ ಇದ್ದರೂ ಕುರ್ಚಿಯ ಬೆಲೆ ಏರಿರುತ್ತದೆ. ಆ ಕುರ್ಚಿಯಲ್ಲಿ ಕೂತು ಕಲಿಯಬೇಕಾದ ಇನ್ನೊಬ್ಬ ಬಾಗಿಲಲ್ಲಿ ನಿಂತಿರುತ್ತಾನೆ. ತಂಡವೊಂದು ಹಿರಿಯನನ್ನು ಕಳಿಸಿಕೊಟ್ಟದ್ದು ಸರಿಯೋ ತಪ್ಪೋ ಎಂಬುದನ್ನು ಅಳೆಯಬೇಕಾದದ್ದು ಆ ಬಾಗಿಲ ಕಡೆ ನೋಡಿ.

ಅಮೆರಿಕದ ಬೇಸ್‌ಬಾಲ್‌ನಲ್ಲಿ ಈ ಪ್ರಶ್ನೆ ವರ್ಷವರ್ಷವೂ ಏಳುತ್ತದೆ. ನಮ್ಮ ಕೀಪರ್‌ಗೆ ಸಮನಾದವನು ಅಲ್ಲಿಯ ಕ್ಯಾಚರ್. ಬ್ಯಾಟರ್‌ನ ಹಿಂದೆ, ಮುಖವಾಡ, ಎದೆಕವಚ, ಮೊಣಕಾಲಿನ ಕಾಪು ತೊಟ್ಟು ಕುಕ್ಕರಗಾಲಿನಲ್ಲಿ ಕೂರುವ ಆಟಗಾರ. ಪಿಚರ್ ಎಸೆಯುವ ಚೆಂಡು ಎಷ್ಟೋ ಸಲ ಗಂಟೆಗೆ 150 ಕಿಲೋಮೀಟರ್ ದಾಟಿ ಬರುತ್ತದೆ. ಒಂದು ಪಂದ್ಯದಲ್ಲಿ ಎದುರಿಸಬೇಕಾದ ಎಸೆತಗಳು ಒಟ್ಟು ನೂರಕ್ಕೂ ಹೆಚ್ಚು. ಯಾವ ಎಸೆತ ಹಾಕಬೇಕೆಂದು ಪಿಚರ್‌ಗೆ ಸೂಚನೆ ಕೊಡುವುದು, ಅಂಚಿನಲ್ಲಿ ಬಂದ ಚೆಂಡನ್ನು ಅಂಪೈರ್ ಕಣ್ಣಿಗೆ ಸ್ಟ್ರೈಕ್ (ಸರಿಯಾದ ಎಸೆತ) ಎನಿಸುವಂತೆ ನಯವಾಗಿ ಹಿಡಿಯುವುದು, ಎಸೆತದ ನಡುವೆಯೇ ಮುಂದಿನ ಬೇಸ್ ‘ಕದಿಯಲು’ ಓಡುವವನನ್ನು ಚೆಂಡೆಸೆದು ಔಟ್ ಮಾಡಿಸುವುದು, ಎಲ್ಲವೂ ಅವನ ಕೆಲಸ. ಆರು ತಿಂಗಳ ಸೀಸನ್ನಿನಲ್ಲಿ ಒಂದೊಂದು ತಂಡ 162 ಪಂದ್ಯ ಆಡುತ್ತದೆ. ಅಷ್ಟನ್ನೂ ಕುಕ್ಕರಗಾಲಿನಲ್ಲಿ ಕಳೆಯಲು ಯಾವ ಮೊಣಕಾಲಿಗೂ ಸಾಧ್ಯವಿಲ್ಲ. ಹಾಗಾಗಿ ಪ್ರತಿ ತಂಡಕ್ಕೂ ಇಬ್ಬರು ಕ್ಯಾಚರ್‌ಗಳು ಬೇಕೇಬೇಕು. ಎರಡನೆಯವನು ವಾರಕ್ಕೆ ಒಂದೆರಡು ದಿನ ಆಡುತ್ತಾನೆ. ಈ ಎರಡನೆಯ ಜಾಗ ಬಹುಕಾಲ ಹಿರಿಯರ ಸ್ವತ್ತಾಗಿತ್ತು. ಬ್ಯಾಟಿಂಗ್ ಅಷ್ಟಕ್ಕಷ್ಟೇ ಇದ್ದರೂ ಪಿಚರ್‌ಗಳ ಮನಸ್ಸು ಬಲ್ಲವನು, ಹತ್ತು ವರ್ಷದ ಆಟ ಕಂಡವನು ಎಂದು ಅವರನ್ನು ಉಳಿಸಿಕೊಳ್ಳುತ್ತಿದ್ದರು.

ಆದರೆ ಅಲ್ಲಿ ಕುರ್ಚಿಗಳು ಎಣಿಕೆಯವು. ಸೀಸನ್ನಿನ ಬಹುಭಾಗ ತಂಡದ ಪಟ್ಟಿಯಲ್ಲಿ 26 ಜನರಿಗೆ ಮಾತ್ರ ಜಾಗ. ಅದರಲ್ಲಿ ಅರ್ಧದಷ್ಟು ಪಿಚರ್‌ಗಳೇ ತುಂಬಿಕೊಳ್ಳುತ್ತಾರೆ. ಹೊಸ ಹುಡುಗನನ್ನು ಕೆಳ ದರ್ಜೆಯ ಲೀಗಿಗೆ ಕಳಿಸಿ ಮತ್ತೆ ಕರೆಸಿಕೊಳ್ಳಲು ನಿಯಮದಲ್ಲಿ ಅವಕಾಶವಿದೆ. ಐದು ವರ್ಷ ಸೇವೆ ಪೂರೈಸಿದ ಹಿರಿಯನನ್ನು ಅವನ ಒಪ್ಪಿಗೆಯಿಲ್ಲದೆ ಹಾಗೆ ಕಳಿಸುವಂತಿಲ್ಲ. ಅಂದರೆ ಹಿರಿಯನಿಗೆ ರಕ್ಷಣೆಯಾಗಲೆಂದು ಮಾಡಿದ ನಿಯಮವೇ ಅವನಿಗೆ ಮುಳುವಾಗುತ್ತದೆ: ಜಾಗ ಬೇಕೆಂದಾಗ ಅವನನ್ನು ತಾತ್ಕಾಲಿಕವಾಗಿ ಸರಿಸಲಾಗದು, ಪೂರ್ತಿ ಬಿಟ್ಟೇಬಿಡಬೇಕು. ಹಣದ ಲೆಕ್ಕವೂ ಇದೆ. 2025ರಲ್ಲಿ ಮೇಲಿನ ದರ್ಜೆಯ ಲೀಗಿನ ಕನಿಷ್ಠ ವೇತನ 7,60,000 ಡಾಲರ್. ಹೊಸಬನಿಗೆ ಅಷ್ಟು ಕೊಟ್ಟರೆ ಸಾಕು, ಹಿರಿಯ ಅದರ ಹಲವು ಪಟ್ಟು ಕೇಳುತ್ತಾನೆ. ಇದರ ಮೇಲೆ ನಿಯಮಗಳೂ ಬದಲಾಗುತ್ತಿರುತ್ತವೆ. 2023ರಲ್ಲಿ ಬೇಸ್‌ಗಳ ಗಾತ್ರ ಹಿಗ್ಗಿಸಿ, ಪಿಚರ್‌ನ ಎಸೆತಕ್ಕೆ ಕಾಲಮಿತಿ ಹಾಕಿದ ಮೇಲೆ ಇಡೀ ಲೀಗಿನಲ್ಲಿ ಕದ್ದ ಬೇಸ್‌ಗಳ ಸಂಖ್ಯೆ ಒಂದೇ ವರ್ಷದಲ್ಲಿ 2,486ರಿಂದ 3,503ಕ್ಕೆ ಜಿಗಿಯಿತು. ಬಲವಾದ ತೋಳಿನ ಯುವಕನಿಗೆ ಇದರಿಂದ ಬೆಲೆ ಬಂತು. 2026ರಿಂದ ಸ್ಟ್ರೈಕ್ ತೀರ್ಪನ್ನು ಯಂತ್ರದ ಮುಂದೆ ಪ್ರಶ್ನಿಸುವ ಅವಕಾಶ ಕೊಡಲು ಲೀಗ್ 2025ರಲ್ಲಿ ತೀರ್ಮಾನಿಸಿತು. ಅಂಪೈರ್ ಕಣ್ಣಿಗೆ ಚೆಂಡನ್ನು ಚೆಂದಗಾಣಿಸುವ ಹಿರಿಯರ ಕಲೆಗೆ ಅಷ್ಟರಮಟ್ಟಿಗೆ ಬೇಡಿಕೆ ಕುಗ್ಗುತ್ತದೆ. ಆಟಗಾರ ಇದ್ದಲ್ಲೇ ಇದ್ದರೂ ಅವನ ಕಾಲ ಕೆಳಗಿನ ನೆಲ ಸರಿಯುವುದೆಂದರೆ ಹೀಗೆ.

ಲಾಸ್ ಏಂಜಲೀಸ್ ಡಾಡ್ಜರ್ಸ್ ತಂಡ 2025ರ ಮೇ 14ರಂದು ಆಸ್ಟಿನ್ ಬಾರ್ನ್ಸ್ ಎಂಬ 35 ವರ್ಷದ ಕ್ಯಾಚರ್‌ನನ್ನು ಕೈಬಿಟ್ಟಿತು. 2015ರಿಂದ ಅದೇ ತಂಡದಲ್ಲಿದ್ದವರು. 2020ರ ವಿಶ್ವ ಸರಣಿಯ (ಲೀಗಿನ ಪಟ್ಟ ನಿರ್ಧರಿಸುವ ಅಂತಿಮ ಸರಣಿ) ಕೊನೆಯ ಎಸೆತವನ್ನು ಹಿಡಿದು ತಂಡಕ್ಕೆ ಪಟ್ಟ ಖಚಿತಪಡಿಸಿದವರು. ಹಣ ಉಳಿಸಲು ಹೀಗೆ ಮಾಡಿದರು ಎನ್ನಲಾಗದು, ಡಾಡ್ಜರ್ಸ್ ಲೀಗಿನ ಅತಿ ಸಿರಿವಂತ ತಂಡಗಳಲ್ಲೊಂದು. ಮೊದಲ ಕ್ಯಾಚರ್ ವಿಲ್ ಸ್ಮಿತ್ ಜೊತೆ 2024ರಲ್ಲೇ ಹತ್ತು ವರ್ಷದ, 14 ಕೋಟಿ ಡಾಲರಿನ ಒಪ್ಪಂದವಾಗಿತ್ತು. ಕೆಳ ದರ್ಜೆಯಲ್ಲಿ ಡಾಲ್ಟನ್ ರಶಿಂಗ್ ಎಂಬ 24ರ ಹುಡುಗ ರನ್ ಸೂರೆಗೈಯುತ್ತಿದ್ದ. ಅಲ್ಲಿ ಅವನು ಕಲಿಯುವುದು ಹೆಚ್ಚೇನೂ ಉಳಿದಿರಲಿಲ್ಲ. ಬಾರ್ನ್ಸ್ ಕೂತಿದ್ದ ಜಾಗವೊಂದೇ ಅವನಿಗೆ ಮುಂದಿನ ತರಗತಿ. ಇದರ ಫಲ ಕಥೆಯಲ್ಲಿ ಬರುವಂತೆ ಚೊಕ್ಕವಾಗಿ ಬರಲಿಲ್ಲ ಎಂಬುದನ್ನೂ ಹೇಳಬೇಕು. ರಶಿಂಗ್‌ನ ಮೊದಲ ವರ್ಷದ ಬ್ಯಾಟಿಂಗ್ ಸಾಧಾರಣವಾಗಿತ್ತು. ಸೆಪ್ಟೆಂಬರ್‌ನಲ್ಲಿ ಸ್ಮಿತ್ ಕೈಗೆ ಪೆಟ್ಟಾದಾಗ ತಂಡ ನೆಚ್ಚಿಕೊಂಡದ್ದು ಬೇರೆ ತಂಡದಿಂದ ಪಡೆದಿದ್ದ ಬೆನ್ ರೋರ್ಟ್‌ವೆಟ್‌ನನ್ನು. ಕೊನೆಗೆ ಸ್ಮಿತ್ ಮರಳಿ, ವಿಶ್ವ ಸರಣಿಯ ಏಳನೆಯ ಪಂದ್ಯದ ಹನ್ನೊಂದನೆಯ ಇನಿಂಗ್ಸ್‌ನಲ್ಲಿ ಗೆಲುವಿನ ಹೋಮ್ ರನ್ ಹೊಡೆದು ಪಟ್ಟ ಉಳಿಸಿಕೊಟ್ಟರು. ಕುರ್ಚಿ ಖಾಲಿ ಮಾಡಿಸಿದ ತಂಡ ಕಲಿಕೆಗೆ ಒಬ್ಬನನ್ನೂ ಆಪತ್ತಿಗೆ ಇನ್ನೊಬ್ಬನನ್ನೂ ಬೇರೆ ಬೇರೆಯಾಗಿ ಹೊಂದಿಸಿಕೊಂಡಿತು ಎಂಬುದು ಇಲ್ಲಿ ಗಮನಿಸಬೇಕಾದ ಅಂಶ.

ಕ್ರಿಕೆಟ್‌ಗೆ ಬಂದರೆ ಕುರ್ಚಿಯ ಇಕ್ಕಟ್ಟು ಇನ್ನೂ ಹೆಚ್ಚು. ಕೀಪರ್‌ಗೆ ಸರದಿಯ ವಿಶ್ರಾಂತಿ ಎಂಬುದು ಅಪರೂಪ. ಮೊದಲನೆಯವನು ಗಟ್ಟಿಯಾಗಿದ್ದರೆ ಎರಡನೆಯವನು ಇಡೀ ಪ್ರವಾಸ ನೀರಿನ ಬಾಟಲಿ ಹೊರುತ್ತಲೇ ಕಳೆಯಬಹುದು. ಕುಣಿಗಲ್, ಗುಬ್ಬಿ ಕಡೆಯ ಟೆನಿಸ್ ಬಾಲ್ ಟೂರ್ನಿಗಳಲ್ಲಿ ಎರಡನೆಯ ಕೀಪರ್ ಎಂಬ ಹುದ್ದೆಯೇ ಇರುವುದಿಲ್ಲ. ಕೀಪರ್ ಬೆರಳು ಉಳುಕಿದರೆ ಸ್ಲಿಪ್‌ನಲ್ಲಿದ್ದವನು ಗ್ಲೌಸ್ ಹಾಕಿಕೊಳ್ಳುತ್ತಾನೆ. ದೊಡ್ಡ ತಂಡಗಳೂ ಎಷ್ಟೋ ಸಲ ಇದನ್ನೇ ಮಾಡಿವೆ. 2003ರಲ್ಲಿ ದ್ರಾವಿಡ್ ಕೈಗೆ ಗ್ಲೌಸ್ ಕೊಟ್ಟದ್ದರಿಂದ ಭಾರತಕ್ಕೆ ಇನ್ನೊಬ್ಬ ಬ್ಯಾಟರ್ ಆಡಿಸಲು ಜಾಗ ಸಿಕ್ಕಿತು. 2023ರ ವಿಶ್ವಕಪ್‌ನಲ್ಲಿ ಅದೇ ಪಾತ್ರ ಮಂಗಳೂರಿನಲ್ಲಿ ಬೆಳೆದ ಕೆ.ಎಲ್. ರಾಹುಲ್ ಪಾಲಿಗೆ ಬಂತು: 452 ರನ್, ವಿಕೆಟ್ ಹಿಂದೆ 17 ಬಲಿ. ಒಂದು ವಿಶ್ವಕಪ್‌ನಲ್ಲಿ ಭಾರತದ ಕೀಪರ್‌ನ ಅತ್ಯಧಿಕ ಬಲಿಗಳ ಪಟ್ಟಿಯಲ್ಲಿ ಅದಕ್ಕೆ ಮುಂಚೆ ಮೇಲಿದ್ದದ್ದು ದ್ರಾವಿಡ್‌ರ 16. ಅಗ್ರ ಬ್ಯಾಟರ್‌ಗಳೇ ಕೀಪಿಂಗ್ ಸಂಭಾಳಿಸಬಲ್ಲರು ಎಂದಾದಾಗ, ಗ್ಲೌಸ್ ಬಿಟ್ಟರೆ ಬೇರೇನೂ ಕೊಡಲಾಗದ ಹಿರಿಯ ಮೀಸಲು ಕೀಪರ್ ತಂಡದ ಲೆಕ್ಕದಲ್ಲಿ ದುಬಾರಿಯಾಗುತ್ತಾನೆ. 2020ರ ಆರ್‌ಸಿಬಿಯಲ್ಲಿ ಪಾರ್ಥಿವ್‌ಗೆ ಆದದ್ದೂ ಇದೇ. ಡಿವಿಲಿಯರ್ಸ್ ಹೇಗೂ ಹನ್ನೊಂದರಲ್ಲಿ ಇರಲೇಬೇಕಾದವರು, ಅವರೇ ಕೀಪಿಂಗೂ ಮಾಡಿದರೆ ಇನ್ನೊಂದು ಜಾಗ ಉಳಿಯಿತಲ್ಲ!

ಹಾಗಾದರೆ ಎರಡನೆಯ ಕೀಪರ್ ಯಾಕಾದರೂ ಬೇಕು? ಬೆಂಗಳೂರಿನಿಂದ ಕುಣಿಗಲ್, ಯಡಿಯೂರು ದಾಟಿ ಹಾಸನಕ್ಕೆ ಹೋಗುವ ಬಸ್ಸಿನಲ್ಲಿ ಸ್ಟೆಪ್ನಿ ಇರುವಂತೆ, ಪಂಕ್ಚರ್ ಆದರೆ ಇರಲಿ ಎಂಬುದು ಒಂದು ಉತ್ತರ. ಸ್ಟೆಪ್ನಿಯಾಗಿ ಮಾತ್ರ ನೋಡಿದರೆ ಹಿರಿಯನೇ ಉತ್ತಮ: ದಿಢೀರನೆ ಇಳಿಸಿದರೂ ತಡಬಡಾಯಿಸದೆ ಕೆಲಸ ಮುಗಿಸುತ್ತಾನೆ. ಆದರೆ ಸ್ಟೆಪ್ನಿ ಮುಂದೊಂದು ದಿನ ಮುಂದಿನ ಚಕ್ರವಾಗಿ ವರ್ಷಗಟ್ಟಲೆ ಓಡಬೇಕು ಎಂದು ಯಾರೂ ನಿರೀಕ್ಷಿಸುವುದಿಲ್ಲ. ಮೀಸಲು ಕೀಪರ್‌ನಿಂದ ತಂಡ ನಿರೀಕ್ಷಿಸುವುದು ಅದನ್ನೇ. ಇದಕ್ಕೆ ಕರ್ನಾಟಕ ಕೊಟ್ಟ ಸಾಕ್ಷಿ ಸೈಯದ್ ಕಿರ್ಮಾನಿ. 1971 ಮತ್ತು 1974ರಲ್ಲಿ ಅವರು ಭಾರತ ತಂಡದೊಂದಿಗೆ ಇಂಗ್ಲೆಂಡಿಗೆ ಹೋದರು. ಫಾರೂಕ್ ಎಂಜಿನಿಯರ್ ಮುಂದೆ ಒಂದು ಟೆಸ್ಟೂ ಸಿಗಲಿಲ್ಲ. 1975ರ ವಿಶ್ವಕಪ್‌ನಲ್ಲೂ ಬೆಂಚೇ ಗತಿ. 1976ರ ಜನವರಿಯಲ್ಲಿ ಆಕ್ಲೆಂಡಿನಲ್ಲಿ ಕೊನೆಗೂ ಟೆಸ್ಟ್ ಆಡಿದರು. ಮುಂದಿನ ಟೆಸ್ಟಿನಲ್ಲೇ, ಕ್ರೈಸ್ಟ್‌ಚರ್ಚ್‌ನಲ್ಲಿ, ಒಂದು ಇನಿಂಗ್ಸ್‌ನಲ್ಲಿ ಆರು ಬಲಿ ಪಡೆದು ಆಗಿನ ವಿಶ್ವದಾಖಲೆಯನ್ನು ಸರಿಗಟ್ಟಿದರು. ಅಲ್ಲಿಂದ 88 ಟೆಸ್ಟ್, 198 ಬಲಿ. ಕ್ರೈಸ್ಟ್‌ಚರ್ಚ್‌ನ ಆ ಆರು ಬಲಿಗಳ ಹಿಂದೆ ಐದು ವರ್ಷ ಬೆಂಚಿನಲ್ಲಿ ಕೂತ ಕಲಿಕೆ ಇತ್ತು. ಆ ಐದು ವರ್ಷ ಆ ಕುರ್ಚಿಯಲ್ಲಿ ಎಂಜಿನಿಯರ್‌ಗಿಂತ ಹಿರಿಯರಾದ ಯಾರೋ ಭದ್ರತೆಗೆಂದು ಕೂತಿದ್ದರೆ ಭಾರತಕ್ಕೆ ಕಿರ್ಮಾನಿ ಸಿಗುವುದು ಇನ್ನೆಷ್ಟು ತಡವಾಗುತ್ತಿತ್ತೋ.

ಇಷ್ಟಾದರೂ ಹಿರಿಯನನ್ನು ಸರಿಸಿದ ಮಾತ್ರಕ್ಕೆ ಉತ್ತರಾಧಿಕಾರಿ ತಾನಾಗಿ ಹುಟ್ಟುವುದಿಲ್ಲ. ಅದಕ್ಕೂ ಕರ್ನಾಟಕದಲ್ಲೇ ನಿದರ್ಶನ ಇದೆ. 1985ರ ಫೆಬ್ರುವರಿ–ಮಾರ್ಚ್‌ನಲ್ಲಿ ಆಸ್ಟ್ರೇಲಿಯಾದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ಗೆ 35ರ ಕಿರ್ಮಾನಿ ಬದಲು ಹೋದವರು ಇನ್ನೊಬ್ಬ ಬೆಂಗಳೂರಿಗ, 22ರ ಸದಾನಂದ ವಿಶ್ವನಾಥ್. ಎಳೆಯ ಸ್ಪಿನ್ನರ್ ಶಿವರಾಮಕೃಷ್ಣನ್ ಎಸೆತಗಳಿಗೆ ಅವರು ಮಾಡಿದ ಕೀಪಿಂಗನ್ನು ನೋಡಿದವರು ಇಂದಿಗೂ ನೆನೆಯುತ್ತಾರೆ. ಮೆಲ್ಬರ್ನ್‌ನ ಫೈನಲ್‌ನಲ್ಲಿ ಜಾವೇದ್ ಮಿಯಾಂದಾದ್ ಸ್ಟಂಪ್ ಔಟ್ ಆದದ್ದು ಈ ಜೋಡಿಗೇ. ಹಿರಿಯನನ್ನು ಸರಿಸಿದ್ದು ಸರಿ ಎಂದು ಎಲ್ಲರಿಗೂ ಅನಿಸಿದ ಗಳಿಗೆ ಅದು. ಆದರೆ ವಿಶ್ವನಾಥ್ ಟೆಸ್ಟ್ ಬದುಕು ಆ ವರ್ಷ ಶ್ರೀಲಂಕಾದಲ್ಲಿ ಆಡಿದ ಮೂರೇ ಪಂದ್ಯಕ್ಕೆ ಮುಗಿಯಿತು. ವರ್ಷದ ಕೊನೆಗೆ ಆಸ್ಟ್ರೇಲಿಯಾ ಪ್ರವಾಸದ ಟೆಸ್ಟ್‌ಗಳಿಗೆ ಕಿರ್ಮಾನಿಯನ್ನೇ ಮತ್ತೆ ಕರೆಸಬೇಕಾಯಿತು. ಅದಾದ ಮೇಲೆ ಗ್ಲೌಸ್ ಬರೋಡದ ಕಿರಣ್ ಮೋರೆಗೆ ಹೋಯಿತು. ಇನ್ನೂ ಹಿಂದಿನ ಕಥೆ ಮೂಲ್ಕಿಯ ಬುಧಿ ಕುಂದರನ್ ಅವರದು. 1963–64ರ ಇಂಗ್ಲೆಂಡ್ ಸರಣಿಯಲ್ಲಿ ಮದ್ರಾಸಿನ 192 ಸೇರಿ 525 ರನ್ ಹೊಡೆದ 24ರ ಕೀಪರ್, ಕೆಲವೇ ತಿಂಗಳಾದ ಮೇಲೆ ಆಸ್ಟ್ರೇಲಿಯಾ ಬಂದಾಗ ಗ್ಲೌಸ್ ಕಳೆದುಕೊಂಡಿದ್ದರು; ಆ ಸರಣಿಯ ಕೀಪರ್ ಇಂದ್ರಜಿತ್‌ಸಿನ್ಹಜಿ. ಕುಂದರನ್ ಲೆಕ್ಕ 18 ಟೆಸ್ಟ್‌ಗೆ ನಿಂತಿತು, ಮುಂದೆ ಅವರು ಸ್ಕಾಟ್ಲೆಂಡಿನಲ್ಲಿ ನೆಲೆಸಿದರು. ಈ ಎರಡು ಉದಾಹರಣೆಗಳು ಒಂದು ಎಚ್ಚರಿಕೆ: ಕುರ್ಚಿ ಖಾಲಿ ಮಾಡಿಸುವವರು ಅದರಲ್ಲಿ ಕೂತವನಿಗೆ ಕಲಿಯುವಷ್ಟು ಕಾಲ ಕೊಡದಿದ್ದರೆ ಇಬ್ಬರನ್ನೂ ಕಳೆದುಕೊಳ್ಳುತ್ತಾರೆ.

ಈ ಹಿನ್ನೆಲೆಯಲ್ಲಿ ನಮ್ಮ ಕಾಲದ ಅತಿ ಚರ್ಚಿತ ಪ್ರಕರಣವನ್ನು ನೋಡಬೇಕು. ವೃದ್ಧಿಮಾನ್ ಸಹಾ 40 ಟೆಸ್ಟ್‌ಗಳಲ್ಲಿ 104 ಬಲಿ ಪಡೆದ, ತಮ್ಮ ಪೀಳಿಗೆಯ ಅತ್ಯುತ್ತಮ ಕೀಪರ್‌ಗಳಲ್ಲೊಬ್ಬರು. 2021ರ ನವೆಂಬರ್‌ನಲ್ಲಿ ರಿಷಭ್ ಪಂತ್‌ಗೆ ವಿಶ್ರಾಂತಿ ಕೊಟ್ಟಾಗ ಕಾನ್ಪುರದಲ್ಲಿ ನ್ಯೂಜಿಲೆಂಡ್ ವಿರುದ್ಧ ಆಡಿದರು. ಆ ಟೆಸ್ಟಿನಲ್ಲೇ ಎರಡೂ ವಾದಗಳು ಎದುರುಬದುರು ನಿಂತವು. ಸಹಾ ಕತ್ತು ಹಿಡಿದುಕೊಂಡು ಮೈದಾನದಿಂದ ಹೊರಗುಳಿದಾಗ ಆಂಧ್ರದ ಕೆ.ಎಸ್. ಭರತ್ ಬದಲಿಯಾಗಿ ಕೀಪಿಂಗ್ ಮಾಡಿ ಎರಡು ಕ್ಯಾಚ್, ಒಂದು ಸ್ಟಂಪಿಂಗ್ ಪಡೆದರು. ಬದಲಿ ಆಟಗಾರ ಅಂಪೈರ್ ಒಪ್ಪಿಗೆ ಪಡೆದು ಕೀಪಿಂಗ್ ಮಾಡಬಹುದೆಂಬ ನಿಯಮ ಬಂದದ್ದು 2017ರಲ್ಲಷ್ಟೇ. ಅದೇ ಕತ್ತುನೋವಿನಲ್ಲಿ ಸಹಾ ಎರಡನೆಯ ಇನಿಂಗ್ಸ್‌ನಲ್ಲಿ ಔಟಾಗದೆ 61 ರನ್ ಗಳಿಸಿದರು. ಇದಾಗಿ ಮೂರು ತಿಂಗಳು ತುಂಬುವುದರೊಳಗೆ, 2022ರ ಫೆಬ್ರುವರಿಯಲ್ಲಿ, ಶ್ರೀಲಂಕಾ ಸರಣಿಯ ತಂಡದಿಂದ 37ರ ಸಹಾ ಹೊರಬಿದ್ದರು, ಭರತ್ ಒಳಬಂದರು. ಇನ್ನು ಮುಂದೆ ಆಯ್ಕೆಗೆ ಪರಿಗಣಿಸುವುದಿಲ್ಲವೆಂದು ಕೋಚ್ ದ್ರಾವಿಡ್ ತಮಗೆ ಮೊದಲೇ ತಿಳಿಸಿದ್ದರೆಂದು ಸಹಾ ಬಹಿರಂಗವಾಗಿ ಹೇಳಿಕೊಂಡು ನೊಂದರು. ಕೋಲ್ಕತ್ತಾದಲ್ಲಿ ಪತ್ರಕರ್ತರಿಗೆ ಉತ್ತರಿಸಿದ ದ್ರಾವಿಡ್, ಸಹಾ ಬಗ್ಗೆ ಅಪಾರ ಗೌರವವಿರುವುದರಿಂದಲೇ ನೇರವಾಗಿ ಮಾತಾಡಿದೆ, ಇಂಥ ಸುದ್ದಿ ಅವರಿಗೆ ಮಾಧ್ಯಮಗಳಿಂದ ತಿಳಿಯಬಾರದಿತ್ತು, ಪಂತ್ ಮೊದಲ ಕೀಪರ್ ಆಗಿ ನೆಲೆಯೂರಿರುವಾಗ ಎರಡನೆಯ ಜಾಗದಲ್ಲಿ ಕಿರಿಯನೊಬ್ಬನನ್ನು ಬೆಳೆಸಬೇಕಿದೆ ಎಂಬರ್ಥದ ಮಾತು ಹೇಳಿದರು. ಪಂತ್‌ಗೆ ಆಗ 24. ಅವರಿಗಿಂತ ಹದಿಮೂರು ವರ್ಷ ಹಿರಿಯರನ್ನು ಅವರ ಹಿಂದೆ ಕೂರಿಸಿದರೆ ಆ ಕುರ್ಚಿಯಿಂದ ಮುಂದಿನ ಕೀಪರ್ ಹುಟ್ಟುವುದು ಹೇಗೆ?

ಇದಕ್ಕೆ ಇರುವ ಬಲವಾದ ಆಕ್ಷೇಪ ಮುಂದೆ ನಡೆದ ಘಟನೆಗಳದ್ದೇ. ಆ ವರ್ಷದ ಡಿಸೆಂಬರ್ 30ರಂದು ಪಂತ್ ಕಾರು ಅಪಘಾತಕ್ಕೀಡಾಗಿ, ಅವರು ಟೆಸ್ಟ್ ಆಡಲು ಮರಳಿದ್ದು 2024ರ ಸೆಪ್ಟೆಂಬರ್‌ನಲ್ಲಿ. ನಡುವೆ ಭರತ್ 7 ಟೆಸ್ಟ್ ಆಡಿದರು, ಅರ್ಧಶತಕ ಒಂದೂ ಬರಲಿಲ್ಲ. ಇಶಾನ್ ಕಿಶನ್ ಬಂದರು, ದಕ್ಷಿಣ ಆಫ್ರಿಕಾದಲ್ಲಿ ಕೆ.ಎಲ್. ರಾಹುಲ್ ಗ್ಲೌಸ್ ತೊಟ್ಟರು. ಇತ್ತ ಕೈಬಿಟ್ಟ ಸಹಾ ಗುಜರಾತ್ ಟೈಟನ್ಸ್ ಪರ 2022ರ ಐಪಿಎಲ್ ಗೆದ್ದರು, 2023ರ ಫೈನಲ್‌ನಲ್ಲಿ ಅರ್ಧಶತಕ ಹೊಡೆದರು. ಸಹಾ ಇದ್ದಿದ್ದರೆ ಆಪತ್ತಿನ ದಿನಗಳು ಸುಗಮವಾಗುತ್ತಿದ್ದವಲ್ಲವೇ? ಬಹುಶಃ ಹೌದು. ಆ ಇಪ್ಪತ್ತು ಚಿಲ್ಲರೆ ತಿಂಗಳಲ್ಲಿ ಕೆಲವು ಟೆಸ್ಟ್‌ಗಳ ಮಟ್ಟಿಗೆ ಭಾರತ ಬೆಲೆ ತೆತ್ತಿತು ಎಂಬುದನ್ನು ಒಪ್ಪಲೇಬೇಕು. ಆದರೆ ಅಪಘಾತವನ್ನು ಮುಂಗಂಡು ಯಾರೂ ತಂಡ ಕಟ್ಟಲಾರರು. ನಿರ್ಧಾರವನ್ನು ಅಳೆಯಬೇಕಾದದ್ದು ಆ ದಿನ ಕಣ್ಣ ಮುಂದೆ ಇದ್ದದ್ದರಿಂದ. ಸಹಾ ಆ ಕುರ್ಚಿಯಲ್ಲೇ ಉಳಿದಿದ್ದರೆ ಪಂತ್ ಮರಳುವ ಹೊತ್ತಿಗೆ ಅವರಿಗೆ ನಲವತ್ತರ ಹತ್ತಿರ. ಭಾರತದ ಬಳಿ ಎರಡನೆಯ ಕೀಪರ್ ಎಂದು ಟೆಸ್ಟ್‌ನಲ್ಲಿ ಪಳಗಿದ ಒಬ್ಬನೂ ಇರುತ್ತಿರಲಿಲ್ಲ. ಭರತ್ ನಿಲ್ಲಲಿಲ್ಲ ನಿಜ. ಆದರೆ ಅವರು ನಿಲ್ಲಲಾರರು ಎಂಬುದು ತಿಳಿದದ್ದೂ ಆಡಿಸಿದ್ದರಿಂದಲೇ. 2024ರ ಫೆಬ್ರುವರಿಯಲ್ಲಿ ರಾಜ್‌ಕೋಟ್‌ನಲ್ಲಿ 23ರ ಧ್ರುವ್ ಜುರೇಲ್‌ಗೆ ಅವಕಾಶ ಸಿಕ್ಕಿತು. ಮುಂದಿನ ಟೆಸ್ಟಿನಲ್ಲಿ, ರಾಂಚಿಯಲ್ಲಿ, 90 ಮತ್ತು ಔಟಾಗದೆ 39. 2025ರ ಜುಲೈನಲ್ಲಿ ಲಾರ್ಡ್ಸ್‌ನಲ್ಲಿ ಪಂತ್ ಬೆರಳಿಗೆ, ಮ್ಯಾಂಚೆಸ್ಟರ್‌ನಲ್ಲಿ ಪಾದಕ್ಕೆ ಪೆಟ್ಟಾದಾಗ ಗ್ಲೌಸ್ ತೊಟ್ಟವರು ಜುರೇಲ್. ಅಕ್ಟೋಬರ್‌ನಲ್ಲಿ ಅಹಮದಾಬಾದಿನಲ್ಲಿ ವೆಸ್ಟ್ ಇಂಡೀಸ್ ವಿರುದ್ಧ ಅವರ ಮೊದಲ ಟೆಸ್ಟ್ ಶತಕವೂ ಬಂತು. ಬೆಂಕಿ ಬಿದ್ದಾಗ ಬಾವಿ ತೋಡಲಾಗದು. ಬಾವಿ ತೋಡುವಾಗ ಮೊದಲ ಎರಡು ಕಡೆ ನೀರು ಸಿಗದಿದ್ದರೆ ತೋಡುವುದೇ ತಪ್ಪೆನ್ನಲೂ ಆಗದು.

ಎರಡನೆಯ ಆಕ್ಷೇಪ ಅರ್ಹತೆಯದು. ಇವತ್ತು ಯಾರು ಉತ್ತಮವೋ ಅವರಿಗೆ ಜಾಗ ಸಿಗಬೇಕು, ನಾಳೆಯ ನೆಪದಲ್ಲಿ ಇವತ್ತಿನ ಸಾಮರ್ಥ್ಯವನ್ನು ತಳ್ಳುವುದು ಅನ್ಯಾಯ ಎಂಬುದು ಅದರ ತಿರುಳು. ಆಡುವ ಹನ್ನೊಂದರ ವಿಷಯದಲ್ಲಿ ಈ ಮಾತು ಸಂಪೂರ್ಣ ಸರಿ. ಮೊದಲ ಕೀಪರ್‌ನ ಜಾಗಕ್ಕೆ ವಯಸ್ಸು ನೋಡಬಾರದು, ಆಟ ನೋಡಬೇಕು. ಎರಡನೆಯ ಜಾಗದ ಗುಣ ಬೇರೆ. ಆಡದೆ ಕೂರುವವನ ಇವತ್ತಿನ ಸಾಮರ್ಥ್ಯದಿಂದ ತಂಡಕ್ಕೆ ಇವತ್ತು ಸಿಗುವುದು ತೀರ ಕಡಿಮೆ. ಅವನು ಅಲ್ಲಿ ಇರುವುದರಿಂದ ನಾಳೆಗೆ ಕೂಡುವುದು ಏನು ಎಂಬುದೇ ಆ ಕುರ್ಚಿಯ ನಿಜವಾದ ಬೆಲೆ. ಅಲ್ಲದೆ ಕುರ್ಚಿ ಬಿಟ್ಟ ಹಿರಿಯ ಮಾಯವಾಗುವುದೂ ಇಲ್ಲ. 2016ರ ನವೆಂಬರ್‌ನಲ್ಲಿ ಸಹಾ ಗಾಯಗೊಂಡಾಗ ಎಂಟು ವರ್ಷದಿಂದ ಟೆಸ್ಟ್ ಆಡದಿದ್ದ ಪಾರ್ಥಿವ್‌ರನ್ನು ರಣಜಿ ಅಂಗಳದಿಂದ ಮೊಹಾಲಿಗೆ ಕರೆಸಿದರು. ಅವರು 42 ಮತ್ತು ಔಟಾಗದೆ 67 ರನ್ ಗಳಿಸಿ ಪಂದ್ಯ ಮುಗಿಸಿಕೊಟ್ಟರು. ದೇಶೀಯ ಕ್ರಿಕೆಟ್ ಗಟ್ಟಿಯಾಗಿರುವ ಕಡೆ ಅನುಭವವನ್ನು ಬೆಂಚಿನಲ್ಲೇ ಕೂಡಿಡಬೇಕಿಲ್ಲ, ಬೇಕಾದಾಗ ಕರೆತರಬಹುದು. ಕಲಿಕೆಯನ್ನು ಹಾಗೆ ದಿಢೀರನೆ ಕರೆತರಲಾಗದು. ಸಹಾ ಪ್ರಕರಣದಲ್ಲಿ ನನಗಿರುವ ತಕರಾರು ಇಲ್ಲೇ. 2023ರ ಜೂನ್‌ನ ವಿಶ್ವ ಟೆಸ್ಟ್ ಫೈನಲ್‌ಗೆ ಪಂತ್ ಇರಲಿಲ್ಲ, ರಾಹುಲ್ ಗಾಯಗೊಂಡಿದ್ದರು. ಪಾರ್ಥಿವ್‌ರನ್ನು ಕರೆದಂತೆ ಆ ಒಂದು ಪಂದ್ಯಕ್ಕೆ ಸಹಾರನ್ನು ಕರೆಸಬಹುದಿತ್ತು. ಕುರ್ಚಿ ಬಿಡಿಸಿದ್ದು ಸರಿಯಾದ ನಿರ್ಧಾರ, ಬಾಗಿಲನ್ನೂ ಮುಚ್ಚಿದ್ದು ಅನಗತ್ಯ.

ಮೂರನೆಯ ಆಕ್ಷೇಪ ಲೆಕ್ಕದ್ದಲ್ಲ, ಮನಸ್ಸಿನದು. ಹೊಳೆ ದಾಟಿದ ಮೇಲೆ ಅಂಬಿಗನ ಹಂಗೇಕೆ ಎನ್ನುವ ಜಾತಿಯ ಕೃತಘ್ನತೆ ಇದು ಎಂಬ ದೂರು. ಇದರಲ್ಲಿ ಹುರುಳಿದೆ. ಮೀಸಲು ಕೀಪರ್ ವರ್ಷಗಟ್ಟಲೆ ತನ್ನ ಆಟದ ಆಯುಷ್ಯವನ್ನು ತಂಡಕ್ಕಾಗಿ ಬೆಂಚಿನಲ್ಲಿ ಸವೆಸಿರುತ್ತಾನೆ. ಅಂಕಿಅಂಶಗಳಲ್ಲಿ ಅದಕ್ಕೆ ಅಂಕಣವೇ ಇಲ್ಲ. ಆದರೆ ಆ ಋಣವನ್ನು ಇನ್ನೊಂದು ವರ್ಷ ಅದೇ ಬೆಂಚಿನಲ್ಲಿ ಕೂರಿಸಿ ತೀರಿಸುವುದೆಂದರೆ ಅವನ ಉಳಿದ ಆಟವನ್ನೂ ಸವೆಸಿದಂತೆ. ಋಣ ತೀರಿಸುವ ಮೇಲಾದ ದಾರಿಗಳಿವೆ. ವಿಷಯವನ್ನು ಮುಖಕ್ಕೆ ಮುಖ ಕೊಟ್ಟು, ಸಾಕಷ್ಟು ಮೊದಲೇ ಹೇಳುವುದು ಒಂದು. ಅನುಭವಕ್ಕೆ ಬೇರೆ ಕುರ್ಚಿ ಕೊಡುವುದು ಇನ್ನೊಂದು. 2024ರಲ್ಲಿ ದಿನೇಶ್ ಕಾರ್ತಿಕ್ ಆಟ ನಿಲ್ಲಿಸಿದ ಸುಮಾರು ಒಂದು ತಿಂಗಳಲ್ಲೇ ಆರ್‌ಸಿಬಿ ಅವರನ್ನು ಬ್ಯಾಟಿಂಗ್ ಕೋಚ್ ಮತ್ತು ಮೆಂಟರ್ ಆಗಿ ಉಳಿಸಿಕೊಂಡಿತು. ಅವರು ಬಿಟ್ಟ ಗ್ಲೌಸ್‌ಗೆ ಆ ವರ್ಷದ ಹರಾಜಿನಲ್ಲಿ 11 ಕೋಟಿ ಕೊಟ್ಟು ಜಿತೇಶ್ ಶರ್ಮಾ ಅವರನ್ನು ತಂದಿತು. 2025ರ ಜೂನ್ 3ರಂದು ಮೊದಲ ಸಲ ಪ್ರಶಸ್ತಿ ಗೆದ್ದಿತು. ಹಿರಿಯನ ತಲೆಯಲ್ಲಿದ್ದದ್ದು ತಂಡದಲ್ಲೇ ಉಳಿಯಿತು, ಅವನ ಜಾಗ ಮಾತ್ರ ತೆರವಾಯಿತು.

ಹಾಗೆಂದು ಹಿರಿಯ ಮೀಸಲು ಕೀಪರ್‌ನನ್ನು ಕಳಿಸುವುದೇ ಯಾವಾಗಲೂ ಜಾಣತನ ಎಂದು ನಾನು ವಾದಿಸುತ್ತಿಲ್ಲ. 2016ರಲ್ಲಿ ಶಿಕಾಗೊ ಕಬ್ಸ್ ತಂಡ 39 ವರ್ಷದ ಡೇವಿಡ್ ರಾಸ್ ಎಂಬ ಎರಡನೆಯ ಕ್ಯಾಚರ್‌ನನ್ನು ಉಳಿಸಿಕೊಂಡಿತ್ತು. ಪ್ರಧಾನ ಪಿಚರ್ ಜಾನ್ ಲೆಸ್ಟರ್‌ಗೆ ರಾಸ್ ಜೊತೆಗಿನ ಹೊಂದಾಣಿಕೆ ಅಷ್ಟು ಮುಖ್ಯವಾಗಿತ್ತು. 108 ವರ್ಷದ ಬಳಿಕ ಕಬ್ಸ್ ಪಟ್ಟ ಗೆದ್ದ ಆ ವಿಶ್ವ ಸರಣಿಯ ಏಳನೆಯ ಪಂದ್ಯದಲ್ಲಿ ರಾಸ್ ಹೋಮ್ ರನ್ ಹೊಡೆದರು. ಮುಂದೆ 2020ರಿಂದ 2023ರವರೆಗೆ ಅದೇ ತಂಡದ ಮ್ಯಾನೇಜರ್ ಆಗಿದ್ದರು. ಆ ವರ್ಷ ಪಟ್ಟ ಗೆಲ್ಲುವುದೇ ಗುರಿಯಾಗಿದ್ದ, ಕಿರಿಯ ಕ್ಯಾಚರ್ ಆಗಲೇ ತಂಡದಲ್ಲಿ ಆಡುತ್ತಿದ್ದ ಸಂದರ್ಭ ಅದು. ರಾಸ್ ಕೂತದ್ದರಿಂದ ಯಾರ ಕಲಿಕೆಯೂ ನಿಲ್ಲಲಿಲ್ಲ. ಮೊದಲ ಕೀಪರ್ ಎಳೆಯನಾಗಿದ್ದು ಇನ್ನೂ ತಿದ್ದಿಸಿಕೊಳ್ಳಬೇಕಿದ್ದರೆ ಪಕ್ಕದಲ್ಲಿ ಹಿರಿಯನಿರುವುದು ಒಳ್ಳೆಯದು. ಮೊದಲ ಕೀಪರ್ ಪಳಗಿದವನಾಗಿ ಮುಂದಿನವನು ಹೊರಗೆ ಕಾಯುತ್ತಿದ್ದರೆ ಹಿರಿಯ ಎದ್ದು ಜಾಗ ಬಿಡುವುದು ಒಳ್ಳೆಯದು.

ಆದ್ದರಿಂದ ಮುಂದಿನ ಸಲ ಯಾವುದಾದರೂ ತಂಡ ಹೆಸರಾಂತ ಎರಡನೆಯ ಕೀಪರ್‌ನನ್ನು ಬಿಟ್ಟಿತೆಂಬ ಸುದ್ದಿ ಬಂದಾಗ, ಅವನ ಕಳೆದ ವರ್ಷದ ರನ್ ಎಷ್ಟು ಎಂದು ಹುಡುಕುವುದರಿಂದ ಹೆಚ್ಚೇನೂ ತಿಳಿಯದು. ಬದಲಿಗೆ ಬರುವವನು ಯಾರು, ಅವನಿಗೆ ಎಷ್ಟು ಪಂದ್ಯಗಳ ತಾಳ್ಮೆ ಕಾದಿದೆ, ಹೋಗುವವನಿಗೆ ವಿಷಯ ಹೇಳಿದವರು ಯಾರು ಎಂದು ಕೇಳಬೇಕು. ಬರುವವನೇ ಇಲ್ಲದೆ ಹಿರಿಯನನ್ನು ಕಳಿಸಿದರೆ ಅದು ಬರೀ ಉಳಿತಾಯ. ಬರುವವನಿಗೆ ತಾಳ್ಮೆ ತೋರದಿದ್ದರೆ ವಿಶ್ವನಾಥ್ ಕಥೆ ಮರುಕಳಿಸುತ್ತದೆ. ಎರಡೂ ಇದ್ದು, ಹೋಗುವವನ ಮುಖ ನೋಡಿ ಹೇಳುವ ಧೈರ್ಯವೂ ಇದ್ದರೆ ಆ ನಿರ್ಧಾರ ಎಷ್ಟೇ ಕಹಿಯಾದರೂ ಸಮರ್ಥನೀಯ. ಆಯ್ಕೆಗಾರರಿಂದ ನಾವು ಕೇಳಬೇಕಾದ ಲೆಕ್ಕ ಇದು. ಹಿರಿಯನನ್ನು ಯಾಕೆ ಬಿಟ್ಟಿರಿ ಎಂದು ಕೇಳುವಷ್ಟೇ ಗಟ್ಟಿಯಾಗಿ, ಕಿರಿಯನಿಗೆ ಏನು ಕೊಟ್ಟಿರಿ ಎಂದೂ ಕೇಳಬೇಕು.